ಮುಳುಗುವ ದಾರ

‘ಕನ್ನಡವು ಕಾವ್ಯಕ್ಕೆ ತಕ್ಕುದು, ಭಕ್ತಿಗೆ ತಕ್ಕುದು, ಮನೆಯ ಮಾತಿಗಂತೂ ಹೇಳಿ ಮಾಡಿಸಿದುದು, ಆದರೆ ಅಳತೆ, ತೂಕ, ಯಂತ್ರ, ಪ್ರಯೋಗ ಇವುಗಳ ವಿಷಯ ಬಂದಾಗ ಅದು ಸೋಲುತ್ತದೆ’ ಎಂಬ ಮಾತನ್ನು ಗಡಿಯೂರಿನ ಕನ್ನಡ ಸಾಲೆಯ ಶಿಕ್ಷಕನಾದವನು ವರುಷಕ್ಕೆ ಹತ್ತು ಸಲವಾದರೂ ಕೇಳಬೇಕಾಗುತ್ತದೆ. ಈ ಮಾತನ್ನು ಆಡುವವರು ಕನ್ನಡದ ವೈರಿಗಳೇನೂ ಅಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುತ್ತ, ಮಕ್ಕಳ ಮುಂದಿನ ಬಾಳುವೆಯ ಚಿಂತೆಯಿಂದ ಅವರನ್ನು ಬೇರೆ ಮಾಧ್ಯಮದ ಸಾಲೆಗೆ ಕಳುಹಿಸುವ ತಂದೆತಾಯಿಗಳು ಅವರು. ಅವರೊಡನೆ ವಾದ ಮಾಡಿ ಗೆದ್ದರೂ ಪ್ರಯೋಜನವಿಲ್ಲ. ವಾದದಲ್ಲಿ ಸೋತವನು ಮಗುವನ್ನು ಮರಳಿ ಕರೆತರುವುದಿಲ್ಲ. ಆದುದರಿಂದ ವಾದವನ್ನು ಬದಿಗಿರಿಸಿ, ನಮ್ಮ ಆರನೆಯ ಇಯತ್ತೆಯ ಮಕ್ಕಳು ಒಂದು ದಾರದಿಂದ ಕಲಿತ ಪಾಠವನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಅದು ಸಮುದ್ರದಲ್ಲಿ ಹುಸಿನೊಣದಿಂದ ಮೀನು ಹಿಡಿಯುವವರು ಬಳಸುವ ಮುಳುಗುವ ದಾರ.

‘ಮಿರಜಕ್ಕೂ ಸಮುದ್ರಕ್ಕೂ ಏನು ಸಂಬಂಧ? ನಡುವೆ ಸಹ್ಯಾದ್ರಿಯೇ ನಿಂತಿದೆಯಲ್ಲ!’ ಎಂದು ವಾಚಕರು ಕೇಳಬಹುದು. ಸಂಬಂಧವು ನಮ್ಮ ಸಾಲೆಯಲ್ಲಿಯೇ ಕಲಿತು, ಈಗ ಕಾರವಾರದಲ್ಲಿ ನೌಕರಿಯಲ್ಲಿರುವ ಒಬ್ಬ ತರುಣನಿಂದ ಬಂದಿತು. ದೀಪಾವಳಿಯ ಬಿಡುವಿಗೆ ಊರಿಗೆ ಬಂದವನು ಒಂದು ಪೆಟ್ಟಿಗೆಯನ್ನು ತಂದಿದ್ದನು. ಅದರಲ್ಲಿ ಒಂಬತ್ತು ಅಡಿಯ ಕೋಲು, ದಾರ ಸುತ್ತುವ ರಾಟೆ, ನಾಲ್ಕು ಬಗೆಯ ದಾರಗಳು, ಕೂದಲಿನಿಂದ ಕಟ್ಟಿದ ಎರಡು ಹುಸಿನೊಣಗಳು ಇದ್ದವು. ಜೋಡಿಸುವ ಬಗೆಯು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅವನು ಇಂಗ್ಲಿಷನ್ನು ಓದಬಲ್ಲನು. ಆದರೂ ‘ಅಕ್ಷರ ತಿಳಿಯುತ್ತದೆ, ಕೆಲಸ ತಿಳಿಯುವುದಿಲ್ಲ ಸರ್’ ಎಂದನು. ಹಾಗಾದರೆ ಇದನ್ನು ಕನ್ನಡದಲ್ಲಿ ಜೋಡಿಸೋಣ, ಮಕ್ಕಳ ಮುಂದೆಯೇ ಜೋಡಿಸೋಣ ಎಂದು ನಾನು ಹೇಳಿದೆ. ಬಿಡುವು ಮುಗಿದು ಸಾಲೆ ತೆರೆದ ಮೊದಲನೆಯ ದಿನ ಅವನು ಇನ್ನೂ ಊರಿನಲ್ಲಿಯೇ ಇದ್ದುದು ಅನುಕೂಲವಾಯಿತು.

ಈ ವಿದ್ಯೆಯು ನಮ್ಮ ನಾಡಿಗೆ ತೀರ ಪರಕೀಯವಾದುದೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಎಂಬ ಗ್ರಂಥದ ನೂರು ಅಧ್ಯಾಯಗಳಲ್ಲಿ ‘ಮತ್ಸ್ಯವಿನೋದ’ ಎಂಬುದೂ ಒಂದು. ಸಮುದ್ರದ ಮೀನು, ಹೊಳೆಯ ಮೀನು, ಪೊರೆಯುಳ್ಳುದು, ಪೊರೆಯಿಲ್ಲದುದು ಎಂದು ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಉಣಿಸುವ ಆಹಾರವನ್ನೂ ಗಾಳ ಹಾಕುವ ಕ್ರಮವನ್ನೂ ಅರಸನು ಅಲ್ಲಿ ಹೇಳಿದ್ದಾನೆ. ಶಾಸನಗಳಲ್ಲಿ ಮಿರಿಂಜೆ ಎಂದು ಹೆಸರುಳ್ಳ ನಮ್ಮ ಮಿರಜವೂ ಆ ಚಾಲುಕ್ಯರ ರಾಜ್ಯದೊಳಗಿನ ನಾಡೇ ಆಗಿತ್ತು. ಆದರೆ ಗ್ರಂಥವು ಸಂಸ್ಕೃತದಲ್ಲಿದೆ. ಅನಂತರ ಏಳು ಶತಮಾನಗಳು ಕಳೆದ ಮೇಲೆ, ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವನು ಇಂಡಿಯಾದಲ್ಲಿ ಕೋಲುಗಾಳದಿಂದ ಮೀನು ಹಿಡಿಯುವುದನ್ನು ಕುರಿತು ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಬರೆದನು. ಅದು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1843ರಲ್ಲಿ ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಊರು, 1894ರಲ್ಲಿ ಕಿಟ್ಟೆಲ್ಲರ ನಿಘಂಟನ್ನು ಪ್ರಕಟಿಸಿದ ಊರು ಅದೇ. ಆದರೂ ಆ ಪುಸ್ತಕವು ಇಂಗ್ಲಿಷಿನಲ್ಲಿದೆ. ಅರಸನು ಸಂಸ್ಕೃತದಲ್ಲಿ ಬರೆದನು, ಅಧಿಕಾರಿಯು ಇಂಗ್ಲಿಷಿನಲ್ಲಿ ಬರೆದನು. ಹೊಳೆಯಲ್ಲಿ ನಿಂತು ಬಲೆ ಬೀಸುವವನು ಕನ್ನಡದಲ್ಲಿ ಮಾತಾಡಿದನು, ಬರೆಯಲಿಲ್ಲ. ನಮ್ಮ ಭಾಷೆಗೆ ಬಡತನ ಬಂದುದು ಹೀಗೆ, ಶಬ್ದವಿಲ್ಲದುದರಿಂದಲ್ಲ.

ಇನ್ನು ದಾರದ ವಿಷಯಕ್ಕೆ ಬರುತ್ತೇನೆ.

ನಮ್ಮ ಕೃಷ್ಣೆಯ ದಂಡೆಯಲ್ಲಿ ಗಾಳ ಹಾಕುವವರು ದಾರದ ತುದಿಗೆ ಸೀಸದ ಗುಂಡನ್ನು ಕಟ್ಟಿ ಎಸೆಯುತ್ತಾರೆ. ಗುಂಡು ಹಾರುತ್ತದೆ, ಹಗುರವಾದ ದಾರವು ಅದರ ಬೆನ್ನುಹತ್ತಿ ಹೋಗುತ್ತದೆ. ಹುಸಿನೊಣದ ವಿದ್ಯೆಯಲ್ಲಿ ಈ ಕ್ರಮವು ತಿರುವುಮುರುವಾಗಿದೆ. ಕೂದಲು, ಪುಕ್ಕ, ಜರಿಗಳಿಂದ ಮಾಡಿದ ನೊಣಕ್ಕೆ ತೂಕವೇ ಇಲ್ಲವೆನ್ನಬೇಕು. ಅದನ್ನು ಎಸೆದರೆ ಗಾಳಿಯಲ್ಲಿ ಪಾದದ ಬಳಿಯೇ ಬೀಳುತ್ತದೆ. ಆದುದರಿಂದ ಇಲ್ಲಿ ದಾರಕ್ಕೇ ತೂಕವನ್ನು ಕೊಟ್ಟು ದಾರವನ್ನೇ ಎಸೆಯುತ್ತಾರೆ, ನೊಣವು ಅದರ ಹಿಂದೆ ಹೋಗುತ್ತದೆ. ಬಂಡಿ ಹೊಡೆಯುವವನು ಬಾರುಕೋಲನ್ನು ಬೀಸಿದಾಗ ಕೈಯ ಬಲವು ಬಾರಿನುದ್ದಕ್ಕೂ ಹರಿದು ತುದಿಯಲ್ಲಿ ಚಟ್ಟೆನ್ನುವುದನ್ನು ಮಕ್ಕಳೆಲ್ಲರೂ ಕಂಡಿದ್ದರು. ಈ ಒಂದು ಹೋಲಿಕೆಯಿಂದ ಎಸೆತದ ತತ್ತ್ವವು ಅವರಿಗೆ ತಿಳಿಯಿತು.

ಪೆಟ್ಟಿಗೆಯಲ್ಲಿದ್ದ ನಾಲ್ಕು ದಾರಗಳಿಗೂ ಹೆಸರಿಡಬೇಕಾಯಿತು. ಇಂಗ್ಲಿಷಿನಲ್ಲಿ ಬ್ಯಾಕಿಂಗ್ ಎನ್ನುವುದನ್ನು ಒಬ್ಬ ಹುಡುಗಿ ‘ಹಿಂದಾರ’ ಎಂದಳು. ಅದು ರಾಟೆಯ ತಳದಲ್ಲಿ ಕುಳಿತಿರುವ ತೆಳ್ಳಗಿನ ಹೆಣೆದ ದಾರ. ದೊಡ್ಡ ಮೀನು ಓಡತೊಡಗಿದಾಗ ಬಿಟ್ಟುಕೊಡಲು ಇರುವ ಉಳಿತಾಯ. ನಮ್ಮದು 200 ಗಜದ್ದು, ಎಂದರೆ ಸುಮಾರು 183 ಮೀಟರು. ಅದಕ್ಕೆ ಜೋಡಿಸುವ ನುಣುಪಾದ ಸಣ್ಣ ದಾರವು ಎಸೆತದಲ್ಲಿ ಸರಸರನೆ ಓಡುವುದರಿಂದ ‘ಓಟದಾರ’ವಾಯಿತು. ಅದರ ಮುಂದೆ ಬರುವ 30 ಅಡಿಯ ಭಾರದ ದಾರವು ‘ಮುಳುಗುದಾರ’. ಕೊನೆಯಲ್ಲಿ ನೊಣವನ್ನು ಕಟ್ಟುವ ಪಾರದರ್ಶಕವಾದ ಎಳೆಯು ‘ತುದಿನೂಲು’. ಈ ಹೆಸರುಗಳಲ್ಲಿ ಒಂದನ್ನೂ ನಾನು ಇಟ್ಟುದಲ್ಲ. ರಾಟೆಗೆ ರಾಟೆಯೆಂದೇ, ನೈಲಾನಿಗೆ ನೈಲಾನೆಂದೇ ಹೇಳಿದೆವು. ಬಂದ ಶಬ್ದವು ಬಾಯಿಗೆ ಒಗ್ಗಿದ್ದರೆ ಅದನ್ನು ಅಟ್ಟಬೇಕಾದ ಅಗತ್ಯವಿಲ್ಲ.

‘ಇದು ಏಕೆ ಮುಳುಗುತ್ತದೆ?’ ಎಂದು ಕೇಳಿದಾಗ ತರಗತಿಯೆಲ್ಲವೂ ಒಂದೇ ಸ್ವರದಲ್ಲಿ ‘ಭಾರವಾಗಿದೆ, ಅದಕ್ಕೆ!’ ಎಂದಿತು. ದೊಡ್ಡವರನ್ನು ಕೇಳಿದರೂ ಇದೇ ಉತ್ತರ ಬರುವುದು. ಈ ಉತ್ತರವನ್ನು ತಿದ್ದಲು ಮಿರಜದ ಶಿಕ್ಷಕನಿಗೆ ಬೇರೆಡೆಯಲ್ಲಿಲ್ಲದ ಒಂದು ಅನುಕೂಲವುಂಟು. ಸಿತಾರ, ತಂಬೂರಿಗಳನ್ನು ಮಾಡುವ ಮನೆತನಗಳು ನಮ್ಮೂರಿನಲ್ಲಿ ತಲೆತಲಾಂತರದಿಂದ ಇವೆ. 2024ರಲ್ಲಿ ಮಿರಜದ ಸಿತಾರ ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅಂತಹ ಒಂದು ಅಂಗಡಿಯಿಂದ ಒಣಗಿದ ಬುರುಡೆಯೊಂದನ್ನೂ ತುಂಡಾದ ಹಿತ್ತಾಳೆಯ ತಂತಿಯೊಂದನ್ನೂ ಕೇಳಿ ತಂದೆವು. ಬುರುಡೆಯನ್ನು ಎತ್ತಲು ಎರಡು ಕೈ ಬೇಕು. ತಂತಿಯನ್ನು ಎರಡು ಬೆರಳಿನಲ್ಲಿ ಹಿಡಿಯಬಹುದು. ಎರಡನ್ನೂ ಸಾಲೆಯ ನೀರಿನ ತೊಟ್ಟಿಯಲ್ಲಿ ಬಿಟ್ಟಾಗ ಬುರುಡೆಯು ತೇಲಿತು, ತಂತಿಯು ಮುಳುಗಿತು. ಮಕ್ಕಳು ಬಹಳ ಹೊತ್ತು ಮಾತಾಡದೆ ನೋಡಿದರು. ಬಳಿಕ ಒಬ್ಬನು, ‘ಬುರುಡೆಯು ಭಾರವಾಗಿದ್ದರೂ ಬಹಳ ಜಾಗ ಹಿಡಿಯುತ್ತದೆ’ ಎಂದನು. ಆರ್ಕಿಮಿಡಿಸನ ತತ್ತ್ವದ ಅರ್ಧವು ಅಷ್ಟರಲ್ಲಿಯೇ ಬಂದಿತು. ತಾನು ಹಿಡಿಯುವಷ್ಟು ಜಾಗದ ನೀರಿಗಿಂತ ಭಾರವಾದುದು ಮುಳುಗುತ್ತದೆ, ಹಗುರವಾದುದು ತೇಲುತ್ತದೆ. ತೂಕವೊಂದೇ ಸಾಲದು, ತೂಕವು ಎಷ್ಟು ಒತ್ತಾಗಿದೆ ಎಂಬುದೇ ಮುಖ್ಯ. ಇದಕ್ಕೆ ಪುಸ್ತಕದಲ್ಲಿ ‘ಸಾಂದ್ರತೆ’ ಎಂಬ ಹೆಸರಿದೆ ಎಂದು ಆಮೇಲೆ ಹೇಳಿದೆ. ಮೊದಲು ಹೆಸರನ್ನು ಹೇಳಿ ಅನಂತರ ವಸ್ತುವನ್ನು ತೋರಿಸಿದ್ದರೆ ಅದು ಪರೀಕ್ಷೆಯವರೆಗೆ ಮಾತ್ರ ಉಳಿಯುತ್ತಿತ್ತು.

ದಾರದ ತೂಕವನ್ನೂ ನೋಡಿದೆವು. 1961ರಲ್ಲಿ ಅಮೇರಿಕೆಯ ತಯಾರಕರು ದಾರದ ಮೊದಲ 30 ಅಡಿಯ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಗೊತ್ತುಪಡಿಸಿ ಒಂದೊಂದು ತೂಕಕ್ಕೆ ಒಂದೊಂದು ಅಂಕಿಯನ್ನು ಕೊಟ್ಟರು. ನಮ್ಮ ದಾರವು 9ನೆಯ ಅಂಕಿಯದು, ಎಂದರೆ 240 ಗ್ರೇನ್. ಮಕ್ಕಳಿಗೆ ಗ್ರೇನ್ ಗೊತ್ತಿಲ್ಲ. ಆದರೆ ಅಜ್ಜಿಯರ ಬಾಯಲ್ಲಿ ತೊಲೆಯನ್ನು ಕೇಳಿದ್ದಾರೆ. ಒಂದು ತೊಲೆಗೆ 180 ಗ್ರೇನ್. ಆದುದರಿಂದ ನಮ್ಮ ಮುಳುಗುದಾರವು ಸರಿಯಾಗಿ ಒಂದೂ ಮೂರನೆಯ ಒಂದು ತೊಲೆ ತೂಗಬೇಕು. ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿದಾಗ ಹದಿನೈದೂವರೆ ಗ್ರಾಮಿನ ಹತ್ತಿರ ಬಂದಿತು. ಲೆಕ್ಕವು ಕೂಡಿತೆಂದು ಮಕ್ಕಳಿಗೆ ಆದ ಹಿಗ್ಗನ್ನು ನೋಡಬೇಕಾಗಿತ್ತು. ಇಲ್ಲಿ ಇನ್ನೂ ಒಂದು ಸ್ವಾರಸ್ಯವುಂಟು. ಇದೇ 9ನೆಯ ಅಂಕಿಯ, ಇಷ್ಟೇ ತೂಕದ, ತೇಲುವ ದಾರವೂ ಇದೆ. ಅದರ ಮೇಲ್ಪದರದಲ್ಲಿ ಗಾಳಿ ತುಂಬಿದ ಸೂಕ್ಷ್ಮವಾದ ಗುಳ್ಳೆಗಳಿರುವುದರಿಂದ ಅದು ದಪ್ಪವಾಗಿ ತೇಲುತ್ತದೆ. ಇದರ ಮೇಲ್ಪದರದಲ್ಲಿ ಟಂಗ್‌ಸ್ಟನ್ ಲೋಹದ ಪುಡಿಯನ್ನು ಬೆರೆಸಿರುವುದರಿಂದ ತೆಳ್ಳಗಾಗಿ ಮುಳುಗುತ್ತದೆ. ಸೀಸವು ನೀರಿಗಿಂತ ಹನ್ನೊಂದು ಪಟ್ಟು ಭಾರವಾದರೆ, ಟಂಗ್‌ಸ್ಟನ್ ಹತ್ತೊಂಬತ್ತು ಪಟ್ಟು ಭಾರ. ಒಂದೇ ತೂಕದ ಎರಡು ದಾರಗಳಲ್ಲಿ ಒಂದು ತೇಲಿ ಒಂದು ಮುಳುಗುವುದು ಬುರುಡೆ ತಂತಿಗಳ ಪಾಠವೇ ಅಲ್ಲವೆ!

ಗಂಟು ಹಾಕುವ ಹೊತ್ತು ಬಂದಾಗ ನಾನು ಎಣಿಸಿರದ ಸಂಗತಿಯೊಂದು ನಡೆಯಿತು. ನಮ್ಮ ತರಗತಿಯ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗನಿದ್ದಾನೆ. ಹೊಳೆಯ ದಂಡೆಯಲ್ಲಿ ಬಲೆ ಹಾಕಿ ಬಾಳುವ ಮನೆತನದವನು. ಓದಿನಲ್ಲಿ ಹಿಂದೆ, ಮಾತಿನಲ್ಲಿ ಇನ್ನೂ ಹಿಂದೆ. ಹಿಂದಾರವನ್ನು ರಾಟೆಗೆ ಕಟ್ಟುವ ಗಂಟಿನ ಚಿತ್ರವನ್ನು ನಾವೆಲ್ಲರೂ ತಿರುಗಿಸಿ ತಿರುಗಿಸಿ ನೋಡುತ್ತಿರುವಾಗ ಅವನು ಮೆಲ್ಲನೆ ಮುಂದೆ ಬಂದು, ‘ಇದು ಜಾರುಗಂಟು’ ಎಂದು ಹೇಳಿ, ದಾರವನ್ನು ತೆಗೆದುಕೊಂಡು ಕ್ಷಣದಲ್ಲಿ ಕಟ್ಟಿದನು. ಎಳೆದಷ್ಟೂ ಬಿಗಿಯುವ ಗಂಟು ಅದು. ನೈಲಾನಿನ ಗಂಟನ್ನು ಬಿಗಿಯುವ ಮುನ್ನ ನೀರಿನಿಂದ ಒದ್ದೆಮಾಡಬೇಕು, ಒಣದಾರವನ್ನು ಜಗ್ಗಿದರೆ ತಿಕ್ಕಾಟದ ಬಿಸಿಗೆ ಅದು ದುರ್ಬಲವಾಗುವುದು ಎಂದು ಪೆಟ್ಟಿಗೆಯ ಕಾಗದದಲ್ಲಿತ್ತು. ಕಾಗದವನ್ನು ಓದಲಾರದ ಅವನು ಗಂಟನ್ನು ತಾನಾಗಿಯೇ ಬಾಯಲ್ಲಿಟ್ಟು ಒದ್ದೆಮಾಡಿದನು. ಹಿಂದಾರವನ್ನು ಬಿಗಿಯಾಗಿ ಸುತ್ತಬೇಕೆಂದೂ, ಸಡಿಲವಾದರೆ ಮೇಲಿನ ಸುತ್ತು ಕೆಳಗಿನದರೊಳಗೆ ಇಳಿದು ಸಿಕ್ಕಿಕೊಳ್ಳುವುದೆಂದೂ ಅವನೇ ತಿಳಿಸಿದನು. ಹಿಂದಾರಕ್ಕೆ ಓಟದಾರ, ಓಟದಾರಕ್ಕೆ ಮುಳುಗುದಾರ, ಮುಳುಗುದಾರಕ್ಕೆ ತುದಿನೂಲು, ಇವೆಲ್ಲವನ್ನೂ ಕುಣಿಕೆಯೊಳಗೆ ಕುಣಿಕೆ ಹಾಯಿಸಿ ಜೋಡಿಸಿದೆವು. ಎರಡು ಕುಣಿಕೆಗಳೂ ಸಮನಾಗಿ ಕೈಹಿಡಿದಂತೆ ಕೂಡಬೇಕು, ಒಂದು ಇನ್ನೊಂದರ ಕೊರಳನ್ನು ಬಿಗಿಯಬಾರದು. ರಾಟೆಯ ಅಂಚಿಗೆ ಕಾಲು ಅಂಗುಲ ಬಿಟ್ಟು ಸುತ್ತು ನಿಂತಿತು. ಆ ಒಂದು ತಾಸು ಅವನೇ ಗುರುವಾಗಿದ್ದನು. ನಾವೆಲ್ಲರೂ, ನಾನೂ ಸೇರಿ, ಶಿಷ್ಯರು.

ತುದಿನೂಲಿನ ಉದ್ದದ ಬಗ್ಗೆ ಚರ್ಚೆ ನಡೆಯಿತು. ತೇಲುವ ದಾರಕ್ಕೆ ಒಂಬತ್ತು ಅಡಿಯಷ್ಟು ತುದಿನೂಲನ್ನು ಕಟ್ಟುವುದು ವಾಡಿಕೆ. ಮುಳುಗುವ ದಾರಕ್ಕೆ ಮೂರರಿಂದ ಐದು ಅಡಿ ಸಾಕು. ಅದೇಕೆಂದರೆ, ತುದಿನೂಲಿಗೂ ನೊಣಕ್ಕೂ ಹೆಚ್ಚಿನ ಭಾರವಿಲ್ಲ. ಅದು ಉದ್ದವಾದರೆ ದಾರವು ತಳದಲ್ಲಿದ್ದರೂ ನೊಣವು ಮೇಲೆಯೇ ತೇಲಾಡುತ್ತಿರುತ್ತದೆ. ಹಳೆಯ ಮುಳುಗುದಾರಗಳಲ್ಲಿ ಇದಕ್ಕಿಂತ ದೊಡ್ಡ ದೋಷವಿತ್ತು. ದಪ್ಪವಾದ ನಡುಭಾಗವು ಬೇಗನೆ ಇಳಿದು, ತೆಳುವಾದ ತುದಿಯು ಹಿಂದುಳಿಯುತ್ತಿತ್ತು. ದಾರವು ತೊಟ್ಟಿಲಿನಂತೆ ಬಾಗುವುದು, ಮೀನು ಕಚ್ಚಿದರೂ ಕೈಗೆ ತಿಳಿಯದು. ಈಗಿನವುಗಳಲ್ಲಿ ತುದಿಯ ಕಡೆಗೆ ಲೋಹದ ಪುಡಿಯನ್ನು ಹೆಚ್ಚಿಸಿ, ಎಲ್ಲ ಭಾಗವೂ ಒಂದೇ ವೇಗದಲ್ಲಿ ಇಳಿಯುವಂತೆ ಮಾಡಿರುತ್ತಾರೆ. ಇದನ್ನು ಕೇಳಿದ ಆ ಹುಡುಗನು, ‘ಬೀಸುಬಲೆಗೂ ಹಾಗೆಯೇ, ಸುತ್ತಲೂ ಸೀಸದ ಮಣಿ ಕಟ್ಟಿರುತ್ತಾರೆ. ಒಂದೇ ಕಡೆಗೆ ಕಟ್ಟಿದರೆ ಬಲೆ ಓರೆಯಾಗಿ ಮೀನು ಓಡಿಹೋಗುತ್ತದೆ’ ಎಂದನು. ಇದಕ್ಕಿಂತ ಒಳ್ಳೆಯ ವಿವರಣೆಯು ಯಾವ ಕಾಗದದಲ್ಲಿಯೂ ಇರಲಿಲ್ಲ.

ಮರುದಿನ ಒಬ್ಬ ಪಾಲಕರು ಸಾಲೆಗೆ ಬಂದರು. ‘ಮಾಸ್ತರೆ, ನಮ್ಮ ಮನೆಯಲ್ಲಿ ಇರುವೆಯನ್ನೂ ತುಳಿಯಬಾರದೆಂದು ಮಕ್ಕಳಿಗೆ ಹೇಳುತ್ತೇವೆ. ನೀವು ಗಾಳ ಹಾಕುವುದನ್ನು ಕಲಿಸುತ್ತೀರಂತೆ’ ಎಂದರು. ಮಿರಜ ಸಾಂಗ್ಲಿಗಳ ಕನ್ನಡ ಮನೆಗಳಲ್ಲಿ ಲಿಂಗಾಯತರ, ಜೈನರ ಮನೆಗಳು ಬಹಳ. ಅವರ ಮಾತು ನ್ಯಾಯವಾದುದೇ ಆಗಿತ್ತು. ಕೊಕ್ಕೆಯುಳ್ಳ ನೊಣಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿರಲಿಲ್ಲವೆಂದೂ, ನಾವು ಕಲಿತುದು ದಾರದ ತೂಕವನ್ನೂ ನೀರಿನ ಗುಣವನ್ನೂ ಮಾತ್ರವೆಂದೂ ಅವರಿಗೆ ತಿಳಿಸಿದೆ. ಅವರು ತೊಟ್ಟಿಯ ಹತ್ತಿರ ನಿಂತು ನೋಡಿದರು. ಒಂದು ಮಾತನ್ನು ಮಾತ್ರ ನಾನು ಅವರಿಗೆ ಹೇಳಲಿಲ್ಲ, ಈಗ ಬರೆಯುತ್ತೇನೆ: ಒಂದು ಮನೆಯ ಅಹಿಂಸೆಯನ್ನು ಗೌರವಿಸುವ ಸಾಲೆಯು ಇನ್ನೊಂದು ಮನೆಯ ಕಸುಬನ್ನು ಹೀನವೆಂದು ತೋರಿಸಬಾರದು. ಬಲೆ ಹಾಕುವವರ ಮಗನೂ ಅದೇ ಹಾಸಿನ ಮೇಲೆ ಕುಳಿತಿದ್ದಾನೆ.

ಆ ದಿನ ತೊಟ್ಟಿಯಲ್ಲಿ ನಡೆದುದು ವೇಗದ ಲೆಕ್ಕ. ಮುಳುಗುವ ದಾರಗಳಿಗೆ ಒಂದು ಸೆಕೆಂಡಿಗೆ ಎಷ್ಟು ಅಂಗುಲ ಇಳಿಯುವುದೆಂಬ ಅಂಕಿಯನ್ನು ಕೊಟ್ಟಿರುತ್ತಾರೆ. ನಮ್ಮದಕ್ಕೆ 6. ತೊಟ್ಟಿಯ ಆಳ ಮೂರು ಅಡಿ, ಎಂದರೆ 36 ಅಂಗುಲ. ಆದುದರಿಂದ ಆರು ಸೆಕೆಂಡು ಬೇಕು. ದಾರವನ್ನು ನೀರಿನ ಮೇಲೆ ಅಡ್ಡವಾಗಿ ಮಲಗಿಸಿ ಬಿಟ್ಟು ಮಕ್ಕಳು ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿದರು. ಆರು ಮುಗಿದು ಏಳೆನ್ನುವಷ್ಟರಲ್ಲಿ ತಳವನ್ನು ಮುಟ್ಟಿತು. ಈ ಎಣಿಕೆಯೇ ಮುಳುಗುದಾರದ ಬೇಟೆಯ ಮುಖ್ಯ ಉಪಾಯ. ದಾರವನ್ನು ಎಸೆದು ಹತ್ತು ಎಣಿಸಿ ಸೆಳೆಯುವುದು. ಮೀನು ಬಾರದಿದ್ದರೆ ಹದಿನೈದು, ಮುಂದೆ ಇಪ್ಪತ್ತು. ಮೀನು ಕಚ್ಚಿದ ಎಣಿಕೆಯನ್ನು ನೆನಪಿನಲ್ಲಿಟ್ಟರೆ ಮೀನುಗಳಿರುವ ಆಳವು ತಿಳಿದಂತಾಯಿತು. ಕಣ್ಣಿಗೆ ಕಾಣದ ಆಳವನ್ನು ಬಾಯೆಣಿಕೆಯಿಂದ ಅಳೆಯಬಹುದೆಂಬುದು ಮಕ್ಕಳಿಗೆ ಬಹಳ ಹಿಡಿಸಿತು.

ಸಮುದ್ರದ ನೀರಿನಲ್ಲಿ ಈ ಲೆಕ್ಕವು ಸ್ವಲ್ಪ ಬದಲಾಗುತ್ತದೆ. ಒಂದು ಕಿಲೋಗ್ರಾಮ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಮ್ ಉಪ್ಪಿರುತ್ತದೆ. ಅದು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ಭಾರ. ಆದುದರಿಂದ ದಾರವು ಅಲ್ಲಿ ತುಸು ನಿಧಾನವಾಗಿ ಇಳಿಯುತ್ತದೆ. ಉಪ್ಪುನೀರಿನಲ್ಲಿ ಲಿಂಬೆಹಣ್ಣನ್ನೂ ಆಲೂಗಡ್ಡೆಯನ್ನೂ ಬಿಟ್ಟು ಇದನ್ನು ತೋರಿಸಿದೆವು.

ಡಿಸೆಂಬರಿನಲ್ಲಿ ನಾನು ಕಾರವಾರಕ್ಕೆ ಹೋದಾಗ ಕಾಳಿಯ ಹೊಳೆಯು ಕಡಲನ್ನು ಸೇರುವ ಠಾವಿನಲ್ಲಿ ಆ ತರುಣನೊಡನೆ ದೋಣಿಯಲ್ಲಿ ಕುಳಿತೆ. ಇಳಿತದ ಹೊತ್ತು, ನೀರು ಕಡಲ ಕಡೆಗೆ ಬಿರುಸಾಗಿ ಹರಿಯುತ್ತಿತ್ತು. ಸೆಳವು ದಾರವನ್ನು ಬಾಗಿಸಿ ಮೇಲೆತ್ತುವುದರಿಂದ ತೊಟ್ಟಿಯ ಲೆಕ್ಕವು ಇಲ್ಲಿ ನಡೆಯದು. ಹರಿವಿಗೆ ಎದುರಾಗಿ ಎಸೆದು, ಅದು ನಮ್ಮ ಬಳಿಗೆ ತೇಲಿಬರುವಷ್ಟರಲ್ಲಿ ಇಳಿಯಗೊಡಬೇಕೆಂದು ದೋಣಿಯವನು ಹೇಳಿದನು. ಅವನು ಕೊಂಕಣಿಯಲ್ಲಿ ಎಣಿಸಿದನು, ನಾವು ಕನ್ನಡದಲ್ಲಿ. ಇಪ್ಪತ್ತರ ಎಣಿಕೆಗೆ ದಾರವು ಕೈಯಲ್ಲಿ ತಟಕ್ಕನೆ ಬಿಗಿಯಿತು. ಬಂದುದು ಗೇಣುದ್ದದ ಮೀನು. ಅದನ್ನು ಬಿಡಿಸಿ ನೀರಿಗೆ ಬಿಟ್ಟೆವು. ಮುಳುಗಿದ ದಾರವನ್ನು ಆಳದಿಂದಲೇ ಜಗ್ಗಿ ಮತ್ತೆ ಎಸೆಯಲಾಗುವುದಿಲ್ಲ, ನೀರಿನ ಭಾರಕ್ಕೆ ಕೋಲು ಮುರಿದೀತು. ಅದನ್ನು ಹತ್ತಿರಕ್ಕೆ ಸೆಳೆದು, ಕೋಲನ್ನು ಉರುಳಿಸಿದಂತೆ ಬೀಸಿ, ನೀರಿನ ಮೇಲಕ್ಕೆ ತಂದು ಎಸೆಯಬೇಕು. ಸಂಜೆ ಕೋಲು, ರಾಟೆ, ದಾರಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದೆವು. ಉಪ್ಪು ಉಳಿದರೆ ಲೋಹವನ್ನು ತಿನ್ನುತ್ತದೆ, ಬಿಸಿಲು ದಾರವನ್ನು ಕೆಡಿಸುತ್ತದೆ. ಇವೆಲ್ಲವನ್ನೂ ತರಗತಿಗೆ ಒಂದು ಕಾಗದದಲ್ಲಿ ಬರೆದು ಕಳುಹಿಸಿದೆ. ಅದನ್ನು ಗಟ್ಟಿಯಾಗಿ ಓದಿದವನು ಆ ಕೊನೆಯ ಸಾಲಿನ ಹುಡುಗನೆಂದು ಸಹಶಿಕ್ಷಕರು ತಿಳಿಸಿದರು. ತಡೆದು ತಡೆದು ಓದಿದನಂತೆ. ಆದರೆ ಕೊನೆಯವರೆಗೂ ಓದಿದನಂತೆ.

ಈಗ ನಮ್ಮ ತರಗತಿಯ ಗೋಡೆಯ ಮೇಲೆ ಹಿಂದಾರ, ಓಟದಾರ, ಮುಳುಗುದಾರ, ತುದಿನೂಲು, ಜಾರುಗಂಟು ಮೊದಲಾದ ಶಬ್ದಗಳ ಪಟ್ಟಿಯೊಂದು ತೂಗುತ್ತಿದೆ. ಪಕ್ಕದಲ್ಲಿ ಮಕ್ಕಳು ಮರಾಠಿಯ ಶಬ್ದಗಳನ್ನೂ ಬರೆದಿದ್ದಾರೆ. ನಮ್ಮ ಗಾಳವು ಅಲ್ಲಿ ‘ಗಳ’ವಾಗಿರುವುದನ್ನು ಕಂಡು ನಕ್ಕಿದ್ದಾರೆ. ನಮ್ಮ ಮಕ್ಕಳು ಮರಾಠಿಯನ್ನು ಬಲ್ಲರು, ಬಲ್ಲವರಾಗಿಯೇ ಇರಬೇಕು, ಇಂಗ್ಲಿಷನ್ನೂ ಕಲಿಯಬೇಕು. ಅದಕ್ಕಾಗಿ ಕನ್ನಡವನ್ನು ಬಿಡಬೇಕಾದ ಕಾರಣವು ನನಗೆ ಕಂಡುಬಂದಿಲ್ಲ. ಅಜ್ಜಿಯ ತೊಲೆ, ಬಂಡಿಯ ಬಾರುಕೋಲು, ತಂದೆಯ ಬೀಸುಬಲೆ, ಊರಿನ ತಂಬೂರಿಯ ಬುರುಡೆ ಇವೆಲ್ಲವೂ ಆ ಮಕ್ಕಳ ಮನಸ್ಸಿನಲ್ಲಿ ಕನ್ನಡದ ಹೆಸರಿನಿಂದಲೇ ಇದ್ದವು. ಆದುದರಿಂದಲೇ ಹೊಸ ವಿದ್ಯೆಯು ಅವುಗಳ ಕೈಹಿಡಿದು ಒಳಕ್ಕೆ ಬಂದಿತು.

ಕನ್ನಡಕ್ಕೆ ಶಕ್ತಿಯುಂಟೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಆ ಪ್ರಶ್ನೆಯನ್ನು ಭಾಷೆಗೆ ಕೇಳಬಾರದು, ಶಿಕ್ಷಕರಾದ ನಮಗೆ ಕೇಳಬೇಕು. ಪ್ರತಿಯೊಬ್ಬ ಶಿಕ್ಷಕನೂ ವರುಷಕ್ಕೆ ಒಂದು ವಸ್ತುವನ್ನಾದರೂ ತರಗತಿಗೆ ತಂದು, ಅದರ ಭಾಗಗಳಿಗೆ ಮಕ್ಕಳ ಬಾಯಿಂದಲೇ ಹೆಸರು ಹೇಳಿಸಿ, ಅಳೆದು, ತೂಗಿ, ಆಮೇಲೆ ಅದನ್ನು ಇಂತಹ ಪತ್ರಿಕೆಯ ಎರಡು ಪುಟಗಳಲ್ಲಿ ಬರೆದಿಟ್ಟರೆ ಸಾಕು. ಕೊನೆಯ ಸಾಲಿನಲ್ಲಿ ಕುಳಿತವನಿಗೆ ಏನು ಗೊತ್ತಿದೆಯೆಂಬುದೂ ಆಗ ನಮಗೆ ತಿಳಿಯುವುದು.